ವಿಶ್ರಾಂತಿಗೆ ಬಗ್ಗದ ಸುಸ್ತು

ಅವರು ನಮ್ಮ ಕ್ಲಿನಿಕ್ಕಿಗೆ ಮೊದಲು ಬಂದದ್ದು ಮೀನಖಂಡದ ಸೆಳೆತಕ್ಕೆ. ಈ ಕೊಲ್ಲಿ ದೇಶದ ಸಲ್ವಾ ಬಡಾವಣೆಯ ಒಂದು ವಿಲ್ಲಾದ ಕೆಳಮಹಡಿಯಲ್ಲಿರುವ ಆ ಕ್ರೀಡಾ ಕ್ಲಿನಿಕ್ಕಿನಲ್ಲಿ ನಾನು ಫಿಸಿಯೋಥೆರಪಿಸ್ಟ್. ಅವರು ಹೆಂಡತಿಯೊಂದಿಗೆ ಮಂಗಫ್‌ನಲ್ಲಿದ್ದು ರಿಫೈನರಿಯಲ್ಲಿ ಶಿಫ್ಟ್ ಕೆಲಸ ಮಾಡುವವರು. ಊರು ಕಾರ್ಕಳದ ಕಡೆ, ವಯಸ್ಸು ನಲವತ್ತರ ಆಸುಪಾಸು. ದೂರದ ಓಟ ಅವರ ಹುಚ್ಚು. ಚಳಿಗಾಲದಲ್ಲಿ ಮರುಭೂಮಿಯ ನಡುವೆ, ಬೆಳಗಿನಿಂದ ಸಂಜೆಯವರೆಗೆ ಓಡಬೇಕಾದ ಒಂದು ಸ್ಪರ್ಧೆಗೆ ಹೆಸರು ಕೊಟ್ಟಿದ್ದರು. ಬೇಸಿಗೆ ಇನ್ನೂ ಪೂರ್ತಿ ಇಳಿದಿರಲಿಲ್ಲ.

ಬೋರಲು ಮಲಗಿಸಿ ಮೀನಖಂಡ ಒತ್ತಿ ನೋಡುತ್ತಿದ್ದಾಗ, ಮುಖ ಕೆಳಗೆ ಹಾಕಿಕೊಂಡೇ ಅವರು ಹೇಳಿದರು.

"ಮೇಡಂ, ಕಾಲು ಇರ್ಲಿ. ಅದು ಹೇಗಾದ್ರೂ ಸರಿಯಾಗ್ತದೆ. ನಂಗೆ ಸುಸ್ತು ಉಂಟು. ಮಲಗಿ ಎದ್ರೂ ಹೋಗುದಿಲ್ಲ."

"ಎಷ್ಟು ದಿನದಿಂದ?"

"ರಂಜಾನ್ ಮುಗಿದ ಮೇಲಿಂದ ಅಂತ ಕಾಣ್ತದೆ. ಮೊದಲು ಇಪ್ಪತ್ತು ಕಿಲೋಮೀಟರ್ ಓಡಿ ಬಂದು ಡ್ಯೂಟಿಗೆ ಹೋಗ್ತಿದ್ದೆ. ಈಗ ಎರಡನೇ ಮಾಳಿಗೆ ಹತ್ತುವಾಗ ರೇಲಿಂಗ್ ಹಿಡ್ಕೊಳ್ತೇನೆ."

ಓಟಗಾರರು ಸುಸ್ತು ಎಂದು ಬಂದಾಗ ನಾವು ಮೊದಲು ಅನುಮಾನಿಸುವುದು ಓಟವನ್ನೇ. ದೇಹಕ್ಕೆ ಸುಧಾರಿಸಿಕೊಳ್ಳಲು ಬಿಡದೆ ದುಡಿಸಿದರೆ ಅದು ಮುಷ್ಕರ ಹೂಡುತ್ತದೆ. ಅವರ ಕೈಗಡಿಯಾರದಲ್ಲಿದ್ದ ಓಟದ ದಾಖಲೆ ತೆರೆದು ನೋಡಿದೆ. ಉರಿಬಿಸಿಲಿನ ತಿಂಗಳುಗಳಲ್ಲೂ ದೂರ ಕಡಿಮೆ ಮಾಡಿರಲಿಲ್ಲ. ಜೊತೆಗೆ ರಾತ್ರಿ ಪಾಳಿ, ಹೊತ್ತಲ್ಲದ ಹೊತ್ತಿನ ಊಟ. ಉತ್ತರ ಕಣ್ಣೆದುರೇ ಇದೆ ಅನ್ನಿಸಿತು. ಓಟವನ್ನು ಅರ್ಧಕ್ಕಿಳಿಸಿ, ಆಮೇಲೆ ಪೂರ್ತಿ ನಿಲ್ಲಿಸಿ, ಬರೀ ನಡಿಗೆ ಕೊಟ್ಟೆ. ಬೆಳಿಗ್ಗೆ ಏಳುವ ಮೊದಲು ನಾಡಿ ಎಣಿಸಿ ಕಳಿಸಲು ಹೇಳಿದೆ. ಊಟಕ್ಕೆ ಅನ್ನ, ಮೊಟ್ಟೆ, ಬಾಳೆಹಣ್ಣು ಸೇರಿಸಿದೆ.

ಅತಿಯಾದ ಅಭ್ಯಾಸದಿಂದ ಬಂದ ಸುಸ್ತು ವಿಶ್ರಾಂತಿ ಸಿಕ್ಕರೆ ಸ್ವಲ್ಪವಾದರೂ ಸಡಿಲಿಸಬೇಕು. ಇದು ಸಡಿಲಿಸಲಿಲ್ಲ. ವಾರಗಳು ಕಳೆದವು, ತೂಕ ಇಳಿಯುತ್ತಲೇ ಹೋಯಿತು. ಓಡದೆ, ಹೆಚ್ಚು ತಿಂದು, ಸೊರಗುತ್ತಿದ್ದರು. ನನಗೆ ಮೊದಲ ಸಲ ಸಣ್ಣಗೆ ಹೆದರಿಕೆಯಾದದ್ದು ಆಗ.

ರಕ್ತಪರೀಕ್ಷೆಯನ್ನು ಅವರು ಮನೆ ಹತ್ತಿರದ ಡಾಕ್ಟರರಲ್ಲಿ ಮಾಡಿಸಿದ್ದರು. ವರದಿ ತಂದು ತೋರಿಸಿದರು. ಕಬ್ಬಿಣಾಂಶದ ಸಂಗ್ರಹ ಕಡಿಮೆ. ದೂರ ಓಡುವವರಲ್ಲಿ ಅದು ಸಾಮಾನ್ಯ. ವಿಟಮಿನ್ ಡಿ ಕಡಿಮೆ. ಇಷ್ಟು ಸೂರ್ಯನಿರುವ ಈ ದೇಶದಲ್ಲಿ ಅದು ಸರಿಯಿರುವವರನ್ನು ನಾನು ನೋಡಿದ್ದೇ ಅಪರೂಪ. ಸೋಡಿಯಂ ಕಡಿಮೆ, ಬೆವರಿ ಬೆವರಿ ನೀರು ಕುಡಿಯುವವರಿಗೆ ಹಾಗಾಗುತ್ತದೆ. ಪೊಟ್ಯಾಸಿಯಂ ತುಸು ಹೆಚ್ಚು. ರಕ್ತ ತೆಗೆಯುವಾಗ ಕಣಗಳು ಒಡೆದರೆ ಹಾಗೆ ಕಾಣುವುದುಂಟು ಎಂದು ಲ್ಯಾಬಿನವರೇ ಟಿಪ್ಪಣಿ ಬರೆದಿದ್ದರು. ಥೈರಾಯ್ಡ್ ಸ್ವಲ್ಪ ಮಂದವಾಗಿದೆ ಎಂಬ ಸೂಚನೆಯೂ ಇತ್ತು. ಡಾಕ್ಟರು ಕಬ್ಬಿಣದ ಮಾತ್ರೆ, ವಿಟಮಿನ್, ಜೊತೆಗೆ ಥೈರಾಯ್ಡಿನ ಸಣ್ಣ ಮಾತ್ರೆ ಕೊಟ್ಟಿದ್ದರು. ಆ ಕಾಗದ ಕೈಯಲ್ಲಿದ್ದರೆ ಯಾರಾದರೂ ಅದನ್ನೇ ಮಾಡುತ್ತಿದ್ದರು.

"ಸಿಕ್ತು ಅಲ್ವಾ ಮೇಡಂ ಕಾರಣ? ಥೈರಾಯ್ಡ್," ಎಂದು ಅವರು ನಕ್ಕರು. ನಾನೂ ನಕ್ಕೆ. ಇಬ್ಬರಿಗೂ ಒಂದು ಹೆಸರು ಬೇಕಾಗಿತ್ತು.

ಮಾತ್ರೆ ಶುರುವಾದ ಮೇಲೆ ಅವರು ಇನ್ನಷ್ಟು ಕುಸಿದರು. ಬೆಳಿಗ್ಗೆ ಹೊಟ್ಟೆ ತೊಳಸುತ್ತದೆ ಎಂದರು. ಎದ್ದು ನಿಂತರೆ ಕಣ್ಣಿಗೆ ಕತ್ತಲೆ ಬರುತ್ತದೆ ಎಂದರು. ಒಂದು ದಿನ ಹೆಂಡತಿಯನ್ನೂ ಕರೆತಂದಿದ್ದರು. ಆಕೆ ಅಲ್ಲೇ ಒಂದು ಶಾಲೆಯ ಆಫೀಸಿನಲ್ಲಿ ಕೆಲಸ ಮಾಡುವವರು. ಗಂಡ ಒಳಗೆ ಬಟ್ಟೆ ಬದಲಿಸುತ್ತಿದ್ದಾಗ ನನ್ನ ಬಳಿ ಬಂದು ತಗ್ಗಿದ ದನಿಯಲ್ಲಿ ಹೇಳಿದರು.

"ಅಕ್ಕ, ಇವರು ಉಪ್ಪಿನಕಾಯಿಯ ರಸವನ್ನು ಚಮಚದಲ್ಲಿ ಕುಡೀತಾರೆ. ಮಿಡಿ ಎಲ್ಲ ಹಾಗೆಯೇ ಉಂಟು, ರಸ ಖಾಲಿ. ಮಜ್ಜಿಗೆಗೆ ಎಷ್ಟು ಉಪ್ಪು ಹಾಕ್ತಾರೆ ಅಂದ್ರೆ ನಂಗೆ ಬಾಯಿಗೆ ಇಡ್ಲಿಕ್ಕೆ ಆಗುದಿಲ್ಲ."

ಸೆಳೆತ ತಡೆಯಲು ಓಟಗಾರರು ಉಪ್ಪಿನಕಾಯಿ ರಸ ಕುಡಿಯುವುದು ಹೊಸದಲ್ಲ. ಅದನ್ನೇ ಹೇಳಿ ಸಮಾಧಾನ ಮಾಡಿದೆ. ಆದರೆ ಅವರು ಓಟ ಬಿಟ್ಟು ತಿಂಗಳ ಮೇಲಾಗಿತ್ತಲ್ಲ ಎಂಬುದು ಆಕೆ ಹೋದ ಮೇಲೆ ಹೊಳೆಯಿತು. ಬೆವರದ ಮನುಷ್ಯನಿಗೆ ಇಷ್ಟು ಉಪ್ಪು ಯಾಕೆ ಬೇಕು?

ಡಿಸೆಂಬರ್ ಬಂತು. ಇಲ್ಲಿನ ಓಟಗಾರರ ಕಾಲು ನೋಡಿದರೆ ಋತು ಗೊತ್ತಾಗುತ್ತದೆ. ಬೇಸಿಗೆಯಲ್ಲಿ ಮೊಣಕಾಲಿನಿಂದ ಕೆಳಗೆ ಕಪ್ಪು, ಕಾಲುಚೀಲದ ಜಾಗದಲ್ಲಿ ಬಿಳುಪು, ನಡುವೆ ಚಾಕುವಿನಿಂದ ಎಳೆದಂಥ ಗೆರೆ. ಚಳಿಗಾಲದಲ್ಲಿ ಕಪ್ಪು ತಿಳಿಯಾಗಿ ಗೆರೆ ಮಾಸುತ್ತದೆ. ಆ ದಿನ ಪಾದದ ಕೀಲನ್ನು ತಿರುಗಿಸಲು ಅವರ ಕಾಲುಚೀಲ ಬಿಚ್ಚಿದಾಗ ಗೆರೆ ಮಾಸಿತ್ತು. ಆದರೆ ತಿಳಿಯಾಗಿ ಅಲ್ಲ. ಒಳಗಿನ ಚರ್ಮವೇ ಮೇಲಿನಷ್ಟು ಕಪ್ಪಾಗಿತ್ತು.

ನನ್ನ ಕೈ ನಿಂತಿತು. ಬಿಸಿಲು ತಾಕದ ಜಾಗ ಅದು. ಮೊಣಕಾಲಿನ ಮೇಲೆ ಹಳೆಯ ಗಾಯದ ಕಲೆಯೊಂದಿತ್ತು. ಅದು ಇದ್ದಿಲಿನಂತೆ ಕಂಡಿತು.

"ಒಮ್ಮೆ ಅಂಗೈ ತೋರಿಸ್ತೀರಾ?"

"ಭವಿಷ್ಯ ನೋಡ್ತೀರಾ ಮೇಡಂ?" ಎಂದು ಕೈ ಚಾಚಿದರು. ಅಂಗೈ ಗೆರೆಗಳಲ್ಲಿ ಶಾಯಿ ಹರಿದಂತಿತ್ತು. ತುಟಿ ಬಿಡಿಸಿ ನೋಡಿದೆ. ವಸಡಿನ ಮೇಲೆ ನೀಲಿಗಪ್ಪು ಮಚ್ಚೆಗಳು.

ಮಲಗಿಸಿ ರಕ್ತದೊತ್ತಡ ನೋಡಿದೆ. ಕಡಿಮೆ ಇತ್ತು, ಓಟಗಾರರಿಗೆ ಇರುವಂತೆ. ಎದ್ದು ನಿಲ್ಲಿಸಿ ಮತ್ತೆ ತೋಳಿನ ಪಟ್ಟಿ ಉಬ್ಬಿಸಿದೆ. ಅದು ಇಳಿಯುತ್ತಿರುವಾಗಲೇ ಅವರು ಗೋಡೆಗೆ ಕೈಯಿಟ್ಟರು, ಮುಖದಲ್ಲಿ ಬೆವರೊಡೆಯಿತು. ಮತ್ತೆ ಮಲಗಿಸಿ, ಕಾಲಡಿಗೆ ದಿಂಬು ಕೊಟ್ಟು, ನಮ್ಮ ಕ್ಲಿನಿಕ್ಕಿನ ವೈದ್ಯೆಯನ್ನು ಕರೆಯಲು ಹೋದೆ. ಅವರು ಈಜಿಪ್ಟಿನವರು, ಕಡಿಮೆ ಮಾತಿನವರು. ನಾನು ಕಂಡದ್ದನ್ನೆಲ್ಲ ಹೇಳಿದೆ. ಉಪ್ಪಿನಕಾಯಿ ರಸದ ಮಾತು ಬಂದಾಗ ಅವರು ಬರೆಯುವುದನ್ನು ನಿಲ್ಲಿಸಿದರು.

ರೋಗಿಯನ್ನು ನೋಡಿ ಬಂದ ಮೇಲೆ ಬಾಗಿಲು ಮುಚ್ಚಿ ನನಗೆ ವಿವರಿಸಿದರು. ಮೂತ್ರಪಿಂಡಗಳ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಸಾಯುತ್ತಿರಬಹುದು. ಅವು ಕಾರ್ಟಿಸೋಲ್ ಎಂಬ ಹಾರ್ಮೋನು ಕೊಡದಿದ್ದರೆ ದೇಹಕ್ಕೆ ಒತ್ತಡ ತಡೆಯುವ ಶಕ್ತಿಯೇ ಇರುವುದಿಲ್ಲ. ಉಪ್ಪು ಸೋರಿಹೋಗುತ್ತದೆ, ಚರ್ಮ ಕಪ್ಪಾಗುತ್ತದೆ. ಅಂಥವರಿಗೆ ಥೈರಾಯ್ಡಿನ ಮಾತ್ರೆ ಕೊಟ್ಟರೆ ಇದ್ದಬದ್ದ ಕಾರ್ಟಿಸೋಲೂ ಬೇಗ ಖರ್ಚಾಗುತ್ತದೆ.

"ಇನ್ನೂ ನಡೆದಾಡುತ್ತಿದ್ದಾರೆ. ಆದರೆ ಒಂದು ಸಾಧಾರಣ ಜ್ವರ, ಒಂದು ವಾಂತಿಭೇದಿ ಸಾಕು," ಎಂದರು.

ನಮ್ಮ ಓಟಗಾರರಿಗೆ ವೈದ್ಯೆ ಸರಳವಾಗಿ ಹೇಳಿದರು: ಥೈರಾಯ್ಡ್ ಮಾತ್ರೆ ನಿಲ್ಲಿಸಿ, ಇವತ್ತೇ ದೊಡ್ಡಾಸ್ಪತ್ರೆಗೆ ಹೋಗಿ ದಾಖಲಾಗಿ, ಪತ್ರ ಕೊಡುತ್ತೇನೆ. ಡ್ಯೂಟಿ ಇದೆ, ನಾಳೆ ಬೆಳಿಗ್ಗೆ ಹೋಗುತ್ತೇನೆ ಎಂದು ಅವರು ಹಟ ಹಿಡಿದರು. ಹಾಗಾದರೆ ಬೆಳಿಗ್ಗೆ ಮೊದಲು ಇಲ್ಲಿ ರಕ್ತ ಕೊಟ್ಟು, ಇಲ್ಲಿಂದಲೇ ಹೋಗಬೇಕು ಎಂದು ವೈದ್ಯೆ ಒಪ್ಪಿಸಿದರು. ಕಾರಣ ಹಲವಿರಬಹುದು, ಕ್ಷಯವೂ ಒಂದು, ಹಾಗಾಗಿ ಎದೆಯ ಎಕ್ಸ್‌ರೇ ಕೂಡ ಬೇಕಾಗುತ್ತದೆ ಎಂದೂ ಹೇಳಿದರು. ಕ್ಷಯ ಎಂಬ ಪದ ಕೇಳಿದ್ದೇ ಓಟಗಾರರ ಮುಖ ಕಳೆಗುಂದಿದ್ದನ್ನು ನಾನು ನೋಡಿದೆ. ಅರ್ಥವಾಗಲಿಲ್ಲ.

ಮರುದಿನ ಅವರು ಬರಲಿಲ್ಲ. ಫೋನ್ ಎತ್ತಲಿಲ್ಲ. ಅದರ ಮರುದಿನವೂ ಇಲ್ಲ. ನಾನು ಬೇರೆ ರೋಗಿಗಳ ಭುಜ, ಸೊಂಟ ನೋಡುತ್ತಿದ್ದೆ, ಮನಸ್ಸು ಮಂಗಫ್‌ನ ಯಾವುದೋ ಕಟ್ಟಡದ ಎರಡನೇ ಮಾಳಿಗೆಯಲ್ಲಿತ್ತು. ಫೋನ್ ಸದ್ದಾದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಹೆಸರು ನೋಡುತ್ತಿದ್ದೆ.

ಅವರ ಓಟದ ಗುಂಪು ಮುಂಜಾನೆ ಕಡಲದಂಡೆಯ ಹಾದಿಯಲ್ಲಿ ಸೇರುತ್ತದೆಂದು ಗೊತ್ತಿತ್ತು. ಕೆಲಸಕ್ಕೆ ಮೊದಲು ಅಲ್ಲಿಗೆ ಕಾರು ಓಡಿಸಿದೆ. ಗುಂಪು ಆಗಲೇ ದೂರ ಹೋಗಿತ್ತು. ಅವರೊಬ್ಬರೇ ಓಟದ ಬೂಟು ಹಾಕಿಕೊಂಡು ಕಟ್ಟೆಯ ಮೇಲೆ ಕೂತಿದ್ದರು. ಕಂಪನಿ ಬಸ್ಸುಗಳು ಒಂದರ ಹಿಂದೊಂದು ರಿಫೈನರಿಯ ಕಡೆ ಹೋಗುತ್ತಿದ್ದವು.

ನಾನು ಪಕ್ಕದಲ್ಲಿ ಕೂತೆ. ಕಡಲನ್ನೇ ನೋಡುತ್ತ ಅವರೇ ಮಾತು ತೆಗೆದರು.

"ಇಲ್ಲಿಗೆ ಬಂದ ಹೊಸತರಲ್ಲಿ ನಾವು ಆರು ಜನ ಒಂದೇ ರೂಮಿನಲ್ಲಿ ಇದ್ದದ್ದು. ಒಬ್ಬ ಕೇರಳದವ, ನನ್ನ ಮೇಲಿನ ಮಂಚದಲ್ಲಿ. ಇಕಾಮಾ ಮೆಡಿಕಲ್‌ಗೆ ಹೋದ. ಎದೆಯಲ್ಲಿ ಏನೋ ಕಂಡಿತಂತೆ. ಸಾಮಾನು ತಗೊಳ್ಳಿಕ್ಕೆ ಸಹ ಅವ ಬರ್ಲಿಲ್ಲ ಮೇಡಂ. ನಾವೇ ಪೆಟ್ಟಿಗೆ ಕಟ್ಟಿ ಕಳಿಸಿದ್ದು. ಖಲಾಸ್."

ಇಕಾಮಾ ಎಂದರೆ ಇಲ್ಲಿ ವಾಸಿಸಲು ಬೇಕಾದ ಪರವಾನಗಿ; ಅದರ ತಪಾಸಣೆಯಲ್ಲಿ ಕ್ಷಯ ಕಂಡವರನ್ನು ಊರಿಗೆ ವಾಪಸು ಕಳಿಸಿಬಿಡುತ್ತಿದ್ದರು.

"ಅದು ಆವಾಗಿನ ಕಥೆ. ನಿಮಗೆ ಅದೇ ಆಗಿದೆ ಅಂತ ಯಾರು ಹೇಳಿದ್ರು?"

"ನಂದು ಇಕಾಮಾ ಮುಂದಿನ ತಿಂಗಳು ಮುಗೀತದೆ. ತೂಕ ಇಳಿದಿದೆ, ಸುಸ್ತು ಉಂಟು. ಎಕ್ಸ್‌ರೇಯಲ್ಲಿ ಬಂದ್ರೆ? ಹೆಂಡತಿಯ ವೀಸಾ ನನ್ನದರ ಮೇಲೆ ಉಂಟು. ಅವಳ ಕೆಲಸವೂ ಹೋಯ್ತು. ನವೀಕರಣ ಆಗ್ಲಿ, ಆಮೇಲೆ ನೀವು ಹೇಳಿದ ಎಲ್ಲ ಟೆಸ್ಟ್ ಮಾಡಿಸ್ತೇನೆ. ಅಲ್ಲಿವರೆಗೆ ಮನೆಯಲ್ಲಿ ಹೇಳ್ಬೇಡಿ."

"ಅಲ್ಲಿವರೆಗೆ ನೀವು ಇರ್ತೀರಿ ಅಂತ ನನಗೆ ಧೈರ್ಯ ಇಲ್ಲ."

ಹೇಳಿದ ಮೇಲೆ ನನ್ನ ಮಾತಿಗೆ ನಾನೇ ಬೆಚ್ಚಿದೆ. ಅವರು ತಿರುಗಿ ನೋಡಿದರು. ಬೆಳಗಿನ ಬೆಳಕಿನಲ್ಲಿ ಅವರ ಮುಖ ಮೊದಲಿಗಿಂತ ಕಪ್ಪಾಗಿ, ಕಣ್ಣು ಒಳಗಿಳಿದು ಕಂಡವು. ಆದರೂ ತಲೆಯಾಡಿಸಿದರು. ಆಗುವುದಿಲ್ಲ.

ರೋಗಿಯ ವಿಷಯವನ್ನು ಅವರ ಒಪ್ಪಿಗೆಯಿಲ್ಲದೆ ಮನೆಯವರಿಗೂ ಹೇಳುವಂತಿಲ್ಲ. ನನ್ನ ಲೈಸೆನ್ಸ್, ನನ್ನದೇ ಇಕಾಮಾ ಈ ಕೆಲಸದ ಮೇಲೆ ನಿಂತಿವೆ. ಅವರು ದೂರು ಕೊಟ್ಟರೆ ನನ್ನ ಪರ ನಿಲ್ಲುವವರು ಯಾರಿರುತ್ತಾರೆ? ಆ ಕಟ್ಟೆಯ ಮೇಲೆ ಕೂತು ಇದನ್ನೆಲ್ಲ ಯೋಚಿಸಿದೆ. ಒಂದು ವಾಂತಿಭೇದಿ ಸಾಕು ಎಂದ ವೈದ್ಯೆಯ ದನಿ ಅದೆಲ್ಲದರ ಮೇಲೆ ಕೇಳುತ್ತಿತ್ತು.

"ನಾನು ನಿಮ್ಮ ಹೆಂಡತಿಗೆ ಹೇಳ್ತೇನೆ," ಎಂದೆ. "ಕದ್ದು ಹೇಳೋದಿಲ್ಲ. ನಿಮ್ಮೆದುರೇ, ಈಗಲೇ ಫೋನ್ ಮಾಡ್ತೇನೆ. ರೋಗದ ಹೆಸರು ಹೇಳೋದಿಲ್ಲ. ಏನಾದ್ರೆ ಏನು ಮಾಡಬೇಕು ಅಂತ ಮಾತ್ರ."

"ಹಾಗಾದ್ರೆ ನಾನು ಇನ್ನು ನಿಮ್ಮ ಕ್ಲಿನಿಕ್ಕಿಗೆ ಬರುದಿಲ್ಲ."

"ಬರಬೇಡಿ."

ಫೋನ್ ಮಾಡಿದೆ. ಆಕೆ ಶಾಲೆಗೆ ಹೊರಡುವ ಗಡಿಬಿಡಿಯಲ್ಲಿದ್ದರು. ವಾಂತಿಯಾದರೆ, ಜ್ವರ ಬಂದರೆ, ಎದ್ದು ನಿಲ್ಲಲಾಗದಿದ್ದರೆ ಕಾಯಬೇಡಿ, ಆಂಬುಲೆನ್ಸ್ ಕರೆಯಿರಿ, ಆಮೇಲೆ ನನಗೆ ಹೇಳಿ ಎಂದೆ. ಆಕೆ ಯಾಕೆಂದು ಕೇಳಿದರು. ಉತ್ತರಿಸುವ ಮೊದಲೇ ಓಟಗಾರರು ಎದ್ದು ಕಟ್ಟೆ ಹಿಡಿದು ನಿಂತು, ನಿಧಾನವಾಗಿ ಮನೆಯ ಕಡೆ ನಡೆಯತೊಡಗಿದರು. ಹಿಂದಿರುಗಿ ನೋಡಲಿಲ್ಲ.

ಕ್ಲಿನಿಕ್ಕಿಗೆ ಹೋಗಿ ವೈದ್ಯೆಗೆ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ, ಒಪ್ಪಿಗೆಯನ್ನೂ ಸೂಚಿಸಲಿಲ್ಲ. ತಮ್ಮ ಸ್ವಂತ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಕೊಟ್ಟರು, ಅಷ್ಟೇ.

ಶುಕ್ರವಾರ ಇಲ್ಲಿ ರಜೆ, ನಮ್ಮಂಥ ಕ್ರೈಸ್ತರಿಗೆ ಪೂಜೆಯ ದಿನ. ಬ್ನೇದ್ ಅಲ್ ಗಾರ್‌ನ ನನ್ನ ಫ್ಲ್ಯಾಟಿನಲ್ಲಿ ಇಗರ್ಜಿಗೆ ಹೊರಡಲು ತಲೆ ಬಾಚಿಕೊಳ್ಳುತ್ತಿದ್ದಾಗ ಅವರ ಹೆಂಡತಿಯ ಫೋನ್ ಬಂತು.

"ಅಕ್ಕ, ಇವರು ಏಳುದಿಲ್ಲ. ನಿನ್ನೆ ಹೊರಗೆ ಎಂತದೋ ತಿಂದದ್ದು, ರಾತ್ರಿಯಿಂದ ವಾಂತಿ. ಈಗ ಮಾತಾಡಿದ್ರೆ ಏನೇನೋ ಹೇಳ್ತಾರೆ. ಆಂಬುಲೆನ್ಸಿಗೆ ಫೋನ್ ಮಾಡಿದ್ದೇನೆ."

"ಯಾವ ಆಸ್ಪತ್ರೆಗೆ ಕರ್ಕೊಂಡು ಹೋಗ್ತಾರೋ ಕೇಳಿ ನನಗೆ ಹೇಳಿ. ನಾನು ಹೊರಟೆ."

ಬಾಚಣಿಗೆ ಎಲ್ಲಿಟ್ಟೆನೋ ಗೊತ್ತಿಲ್ಲ. ರಜೆಯ ಬೆಳಿಗ್ಗೆ ಹೆದ್ದಾರಿ ಖಾಲಿಯಿತ್ತು, ಆದರೂ ನನಗೆ ಅಷ್ಟು ಉದ್ದದ ದಾರಿ ಅದೆಂದೂ ಆಗಿರಲಿಲ್ಲ. ವೈದ್ಯೆಗೆ ಫೋನ್ ಹಚ್ಚಿದೆ. ಅವರು ತಕ್ಷಣ ಎತ್ತಿದರು. "ಅಲ್ಲಿ ತಲುಪಿ ನನಗೆ ಕೊಡಿ, ನಾನು ಮಾತಾಡುತ್ತೇನೆ. ಪರೀಕ್ಷೆಯ ಫಲಿತಾಂಶಕ್ಕೆ ಕಾಯಬಾರದು."

ತುರ್ತು ವಿಭಾಗದಲ್ಲಿ ಅವರನ್ನು ಪರದೆಯ ಹಿಂದೆ ಮಲಗಿಸಿದ್ದರು. ಹೊಟ್ಟೆ ಕೆಟ್ಟು ಬಂದವರು ಅವತ್ತು ಇನ್ನೂ ಹಲವರಿದ್ದರು. ಸಲೈನ್ ಹಾಕಿಯಾಗಿತ್ತು. ಹೆಂಡತಿ ಮನೆಯ ಚಪ್ಪಲಿಯಲ್ಲೇ ಬಂದು, ಗಂಡನ ಬೂಟುಗಳನ್ನು ಎದೆಗೆ ಒತ್ತಿಕೊಂಡು ನಿಂತಿದ್ದರು, ಯಾಕೆ ತಂದಿದ್ದರೋ. ಸಲೈನ್ ಹನಿಯುತ್ತಿದ್ದರೂ ಮಾನಿಟರಿನಲ್ಲಿ ರಕ್ತದೊತ್ತಡ ಏರುತ್ತಿರಲಿಲ್ಲ. ಅವರ ಕೈ ಮುಟ್ಟಿದೆ. ತಣ್ಣಗಿತ್ತು. ನನ್ನ ಗುರುತು ಹತ್ತಲಿಲ್ಲ. ತುಳುವಿನಲ್ಲಿ ಯಾರನ್ನೋ ಕರೆಯುತ್ತಿದ್ದರು.

ಕರ್ತವ್ಯದಲ್ಲಿದ್ದ ತರುಣ ವೈದ್ಯರ ಬಳಿ ಹೋದೆ. ನಾನು ಅವರ ಫಿಸಿಯೋಥೆರಪಿಸ್ಟ್, ಹಲವು ತಿಂಗಳಿಂದ ನೋಡುತ್ತಿದ್ದೇನೆ, ಇದು ಬರೀ ಹೊಟ್ಟೆ ಕೆಟ್ಟದ್ದಲ್ಲ ಅನ್ನಿಸುತ್ತದೆ, ದಯವಿಟ್ಟು ನಮ್ಮ ವೈದ್ಯೆಯೊಂದಿಗೆ ಒಮ್ಮೆ ಮಾತಾಡಿ ಎಂದು ಫೋನ್ ಚಾಚಿದೆ. ಅವರು ಫೋನನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಆ ಗಳಿಗೆಯಲ್ಲಿ ಅವರು 'ಆಮೇಲೆ' ಎಂದಿದ್ದರೆ ಏನಾಗುತ್ತಿತ್ತೋ, ಈಗಲೂ ಯೋಚಿಸಲು ಮನಸ್ಸಾಗುವುದಿಲ್ಲ. ಅವರು ಫೋನ್ ತೆಗೆದುಕೊಂಡರು.

ಅರಬ್ಬಿಯಲ್ಲಿ ಮಾತು ನಡೆಯಿತು. ಅವರು ಕೇಳುತ್ತಲೇ ಪರದೆಯೊಳಗೆ ಹೋಗಿ, ರೋಗಿಯ ತುಟಿ ಬಿಡಿಸಿ ನೋಡಿದರು, ಅಂಗೈ ತಿರುಗಿಸಿದರು. ಆಮೇಲೆ ಅವರ ನಡಿಗೆಯೇ ಬೇರೆಯಾಯಿತು. ನರ್ಸನ್ನು ಕರೆದು ಮೊದಲು ರಕ್ತ ತೆಗೆಸಿದರು, ಹೃದಯದ ಇಸಿಜಿ ತೆಗೆಸಿದರು. ಸಕ್ಕರೆ ತಳ ಮುಟ್ಟಿತ್ತು. ಪೊಟ್ಯಾಸಿಯಂ ಏರಿದ್ದು ಹೃದಯದ ಗೆರೆಯಲ್ಲೇ ಕಾಣುತ್ತಿತ್ತು. ಗ್ಲೂಕೋಸ್ ಹಾಕಿಸಿ, ಹೈಡ್ರೋಕಾರ್ಟಿಸೋನನ್ನು ತಾವೇ ನಿಂತು ರಕ್ತನಾಳಕ್ಕೆ ಕೊಡಿಸಿದರು.

ಮತ್ತೆ ಕಾಯುವುದು. ಹೆಂಡತಿ ನನ್ನ ಮೊಣಕೈ ಹಿಡಿದುಕೊಂಡಿದ್ದರು. ಸಂಜೆ ನೋಡಿದಾಗ ಅಲ್ಲಿ ಬೆರಳಿನ ಗುರುತಿತ್ತು. ತೋಳಿನ ಪಟ್ಟಿ ಉಬ್ಬುವಾಗೆಲ್ಲ ನಾವಿಬ್ಬರೂ ಮಾನಿಟರಿನ ಅಂಕಿಯ ಕಡೆ ನೋಡುತ್ತಿದ್ದೆವು. ಒಮ್ಮೆ ಅಂಕಿ ಇನ್ನೂ ಇಳಿಯಿತು. ಹೃದಯದ ಗೆರೆಯಲ್ಲಿ ಎರಡು ಬಡಿತ ಅಡ್ಡಾದಿಡ್ಡಿಯಾಗಿ ಹೋದವು. ನಾನು ಜಪಮಾಲೆಗಾಗಿ ಬ್ಯಾಗಿಗೆ ಕೈ ಹಾಕಿದರೆ ಸಿಕ್ಕಿದ್ದು ಅಳತೆಯ ಟೇಪು. ಅದನ್ನೇ ಹಿಡಿದುಕೊಂಡೆ.

ನಮಾಜಿನ ಕರೆ ಕೇಳಿಸುವ ಹೊತ್ತಿಗೆ ರಕ್ತದೊತ್ತಡ ಮೇಲೇರತೊಡಗಿತು. ಮಧ್ಯಾಹ್ನ ದಾಟಿದ ಮೇಲೆ ಅವರು ಕಣ್ಣು ಬಿಟ್ಟು ಹೆಂಡತಿಯನ್ನು ನೋಡಿ ಕೇಳಿದರು.

"ಹಸಿವಾಗ್ತದೆ. ಎಂತ ಉಂಟು?"

ಎಷ್ಟೋ ತಿಂಗಳಿಂದ ಅವರು ತಾವಾಗಿ ಊಟ ಕೇಳಿರಲಿಲ್ಲವಂತೆ. ಹೆಂಡತಿ ಬೂಟುಗಳನ್ನು ನೆಲಕ್ಕಿಟ್ಟು ಅಳತೊಡಗಿದರು.

ಪ್ರಾಣ ಉಳಿಯಿತು, ಹೆದರಿಕೆ ಉಳಿದೇ ಇತ್ತು. ಈಗ ಎಕ್ಸ್‌ರೇ ತಪ್ಪಿಸುವ ಹಾಗಿರಲಿಲ್ಲ. ಅವರು ವಾರ್ಡಿನಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದರು. ನಾನು ಹೋದರೆ ಮಾತಾಡುತ್ತಿರಲಿಲ್ಲ. ನನ್ನ ಮೇಲಿನ ಸಿಟ್ಟೋ, ಭಯವೋ. ಎದೆಯ ಚಿತ್ರ ಸ್ವಚ್ಛವಾಗಿತ್ತು, ಕಫದ ಪರೀಕ್ಷೆಯಲ್ಲೂ ಏನೂ ಇರಲಿಲ್ಲ. ಕೊನೆಗೆ ರಕ್ತದಲ್ಲಿ ಕಾರಣ ಸಿಕ್ಕಿತು. ಅವರ ರೋಗನಿರೋಧಕ ಶಕ್ತಿಯೇ ಆ ಗ್ರಂಥಿಗಳನ್ನು ಶತ್ರುವೆಂದು ತಿಳಿದು ನಾಶ ಮಾಡಿತ್ತು. ಯಾರಿಗೂ ಅಂಟುವುದಲ್ಲ, ಯಾರಿಂದಲೂ ಬಂದದ್ದಲ್ಲ. ಬದುಕಿರುವವರೆಗೆ ದಿನವೂ ಮಾತ್ರೆ ಬೇಕು, ಅಷ್ಟೇ. ಆ ವರ್ಷದ ಸ್ಪರ್ಧೆ ಅವರಿಲ್ಲದೆ ನಡೆದುಹೋಯಿತು. ಇಕಾಮಾ ನವೀಕರಣವಾಯಿತು.

ಆ ತಿಂಗಳುಗಳನ್ನು ತಿರುಗಿ ನೋಡಿದಾಗ ನನ್ನನ್ನು ಈಗಲೂ ಹೆದರಿಸುವುದು ಆ ಕಾಯಿಲೆಯ ಸಭ್ಯತೆ. ಕಪ್ಪಾದರೆ ಬಿಸಿಲು, ಸೊರಗಿದರೆ ಓಟ, ಉಪ್ಪು ತಿಂದರೆ ಬೆವರು, ರಕ್ತದೊತ್ತಡ ಇಳಿದರೆ ಗಟ್ಟಿ ಹೃದಯ. ಕೇಳಿದ ಪ್ರತಿ ಪ್ರಶ್ನೆಗೂ ಅದು ನಂಬುವಂಥ ಉತ್ತರ ಕೊಟ್ಟಿತ್ತು. ಈಗ ಯಾರೇ ಸುಸ್ತು ಎಂದು ಬಂದರೂ ನಾನು ಓಟದ ಲೆಕ್ಕ ಕೇಳುವ ಮೊದಲು ಕಾಲುಚೀಲ ಬಿಚ್ಚಿಸುತ್ತೇನೆ. ಹೆಚ್ಚಿನವರಲ್ಲಿ ಏನೂ ಇರುವುದಿಲ್ಲ. ಕಬ್ಬಿಣಾಂಶ, ನಿದ್ದೆ, ಊಟ, ಮನೆಯ ಚಿಂತೆ. ಆದರೂ ಬಿಚ್ಚಿಸುತ್ತೇನೆ.

ಮಾರ್ಚ್‌ನಲ್ಲಿ ಅವರು ಮತ್ತೆ ಕ್ಲಿನಿಕ್ಕಿಗೆ ಬಂದರು, ಹೆಂಡತಿಯೂ ಜೊತೆಗಿದ್ದರು. ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಮನೆಯವರೇ ತೊಡೆಗೆ ಇಂಜೆಕ್ಷನ್ ಚುಚ್ಚಿ ಆಸ್ಪತ್ರೆಗೆ ಒಯ್ಯಬೇಕು. ಅದನ್ನು ಕಲಿಸಲು ವೈದ್ಯೆ ಕರೆಸಿದ್ದರು. ಪುಡಿಯಿರುವ ಬಾಟಲಿಗೆ ನೀರು ಸೇರಿಸಿ, ಅಲುಗಾಡಿಸಿ, ಸಿರಿಂಜಿಗೆ ಎಳೆಯುವುದನ್ನು ತೋರಿಸಿ ಅವರು ಇನ್ನೊಬ್ಬ ರೋಗಿಯ ಕಡೆ ಹೋದರು. ಓಟಗಾರರು ಪರದೆಯ ಆಚೆ ಮೇಜಿನ ಮೇಲೆ ಮಲಗಿದ್ದರು. ಈಚೆ ಹೆಂಡತಿ, ಸ್ಪಂಜಿನ ದಿಂಬಿಗೆ ಸೂಜಿ ಹಿಡಿದು ಅಭ್ಯಾಸ ಮಾಡುತ್ತಿದ್ದರು. ಮೂರು ಸಲವೂ ಸೂಜಿ ಓರೆಯಾಗಿ ಹೋಯಿತು.

"ನಿಧಾನ ಮಾಡಿ. ಏನು ಅವಸರ," ಎಂದೆ.

ಆಕೆ ಸಿರಿಂಜು ಕೆಳಗಿಟ್ಟರು. ಪರದೆಯ ಕಡೆ ಒಮ್ಮೆ ನೋಡಿ, ಗಂಡನಿಗೆ ಕೇಳಿಸದು ಎಂದುಕೊಂಡು ಮೆಲ್ಲಗೆ ಹೇಳಿದರು.

"ಮನೆಗೆ ಬಂದ್ರೆ ಮಾತಿಲ್ಲ, ಒಟ್ಟಿಗೆ ಕೂತು ಊಟ ಇಲ್ಲ, ಗೋಡೆ ನೋಡಿ ಮಲಗುದು. ಇಷ್ಟು ತಿಂಗಳು ಇವರಿಗೆ ನಾನು ಸಾಕಾದೆ ಅಂತ ಗ್ರಹಿಸಿದ್ದೆ ಅಕ್ಕ. ಊರಿಗೆ ಹೋಗಿ ಬಿಡುವ ಅಂತ ಟಿಕೆಟ್ ಸಹ ನೋಡಿ ಇಟ್ಟಿದ್ದೆ. ಇವರನ್ನು ಆಸ್ಪತ್ರೆಗೆ ಸೇರಿಸಿದ ಶುಕ್ರವಾರ ಉಂಟಲ್ಲ, ಅದರ ನಂತರದ ವಾರದ್ದು."

ಆಚೆ ಕಡೆ ಮೇಜು ಕಿರುಗುಟ್ಟಿತು. ಆಮೇಲೆ ಪರದೆ ಸರಿಯಿತು. ಅವರು ಕಾಲು ಇಳಿಬಿಟ್ಟು ಕೂತಿದ್ದರು. ಪ್ಯಾಂಟಿನ ಕಾಲನ್ನು ತೊಡೆಯವರೆಗೆ ಮಡಚಿ, ಹೆಂಡತಿಗೆ ಎದುರಾಗಿ ಚಾಚಿದರು.

"ದಿಂಬು ಬೇಡ. ಖಾಲಿ ಸೂಜಿ ಅಲ್ವಾ, ಇಲ್ಲಿಗೆ ಹಿಡಿದು ನೋಡು," ಎಂದರು. "ಚುಚ್ಚುದು ಬೇಡ, ಜಾಗ ಸರಿ ಉಂಟಾ ನೋಡು."